ಐಸಿಯು ಸಿಸ್ಟರ್‌ಗೆ ಕೇಳಿ: ಟ್ಯೂಬು, ಕಟ್ಟಿದ ಕೈ, ಕಾವೇರಿ ತೀರ್ಥ

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ಸೋಮವಾರಪೇಟೆ): ಸಿಸ್ಟರ್, ಮುಂದಿನ ತಿಂಗಳು ನನಗೆ ಐಸಿಯು ಪೋಸ್ಟಿಂಗ್. ಡ್ಯೂಟಿಗೆ ಹೋದ ಕೂಡಲೇ ಏನೇನು ನೋಡಬೇಕು?

ಉತ್ತರ: ಹ್ಯಾಂಡೋವರನ್ನು ಕೌಂಟರಿನಲ್ಲಿ ಕೂತು ತಗೊಳ್ಳಬೇಡಿ, ಬೆಡ್ಡಿನ ಪಕ್ಕ ನಿಂತು ತಗೊಳ್ಳಿ. ಹಿಂದಿನ ಶಿಫ್ಟಿನವರು ಹೇಳಿದ್ದನ್ನು ಅಲ್ಲೇ ಕಣ್ಣಾರೆ ನೋಡಿ ತಾಳೆ ಹಾಕಬೇಕು. ಪ್ರಜ್ಞೆ ಇಲ್ಲದಿದ್ದರೂ ರೋಗಿಯನ್ನು ಹೆಸರು ಹಿಡಿದು ಮಾತಾಡಿಸಿ. ಎದೆ ಎರಡೂ ಕಡೆ ಸಮವಾಗಿ ಏಳುತ್ತಿದೆಯಾ, ಕೈಕಾಲು ಬೆಚ್ಚಗಿದೆಯಾ ನೋಡಿ. ಮಾನಿಟರ್ ಆಮೇಲೆ.

ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಉಸಿರಿನ ಟ್ಯೂಬಿನ ಮೇಲೆ ಸೆಂಟಿಮೀಟರ್ ಗುರುತು ಇರುತ್ತದೆ. ತುಟಿಯ ಹತ್ತಿರ ಎಷ್ಟಿದೆ ಓದಿ: ಹೆಂಗಸರಿಗೆ ಸಾಮಾನ್ಯವಾಗಿ 21, ಗಂಡಸರಿಗೆ 23ರ ಆಸುಪಾಸು. ಚಾರ್ಟಿನಲ್ಲಿ 22 ಬರೆದಿದ್ದು ಈಗ 25 ಕಂಡರೆ ಟ್ಯೂಬು ಒಳಕ್ಕೆ ಜಾರಿ ಬಲ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುತ್ತಿರಬಹುದು. ಶ್ವಾಸನಾಳದೊಳಗೆ ಟ್ಯೂಬಿನ ಸುತ್ತ ಉಬ್ಬಿರುವ ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟಿರಬೇಕು. ಕಡಿಮೆಯಾದರೆ ಬಾಯಿಯ ಜೊಲ್ಲು ಕೆಳಗಿಳಿದು ನ್ಯುಮೋನಿಯಾ ಬರುತ್ತದೆ, ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹೋಗದೆ ಹುಣ್ಣಾಗುತ್ತದೆ. ಬೆರಳಲ್ಲಿ ಒತ್ತಿ ನೋಡಿ ಸರಿ ಇದೆ ಅನ್ನುವ ಅಭ್ಯಾಸ ಬೇಡ, ಮೀಟರ್ ಹಾಕಿಯೇ ಅಳೆಯಿರಿ. ತಲೆಯ ಕಡೆ ಬೆಡ್ಡು 30ರಿಂದ 45 ಡಿಗ್ರಿ ಎತ್ತಿರಲಿ.

ಪ್ರತಿ ಔಷಧದ ಲೈನನ್ನೂ ಸಿರಿಂಜಿನಿಂದ ರಕ್ತನಾಳದವರೆಗೆ ಕೈಯಲ್ಲಿ ಹಿಡಿದೇ ಹೋಗಿ. ಬಿಪಿ ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್ ಔಷಧದ ಸಿರಿಂಜು ಮುಗಿಯಲು ಅರ್ಧ ಗಂಟೆ ಇರುವಾಗಲೇ ಮುಂದಿನದು ತುಂಬಿ ಲೇಬಲ್ ಹಾಕಿ ರೆಡಿ ಇರಲಿ. ಅದರ ಕೆಲಸ ರಕ್ತದಲ್ಲಿ ಕೆಲವೇ ನಿಮಿಷ, ಬದಲಿಸುವಾಗ ತಡವಾದರೆ ಬಿಪಿ ದಡಕ್ಕನೆ ಬೀಳುತ್ತದೆ. ಆ ಲೈನಿನಲ್ಲಿ ಬೇರೆ ಇಂಜೆಕ್ಷನ್ ತಳ್ಳಲೂಬಾರದು. ಪೈಪಿನಲ್ಲಿ ಉಳಿದಿದ್ದ ಔಷಧವೆಲ್ಲ ಒಮ್ಮೆಗೇ ಒಳಹೋಗಿ ಬಿಪಿ ಚಿಮ್ಮುತ್ತದೆ.

ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ತಲೆಯ ಹತ್ತಿರವೇ ಇರಲಿ. ನಮ್ಮ ಮಳೆಗಾಲದಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ವೆಂಟಿಲೇಟರಿನ ಬ್ಯಾಟರಿಯೂ ಕೈಕೊಟ್ಟರೆ ಒತ್ತಲು ಇರುವುದು ಅದೊಂದೇ. ಜುಲೈ ತಿಂಗಳ ಮಡಿಕೇರಿ ಚಳಿಗೆ ಬೆರಳು ತಣ್ಣಗಾದಾಗ ಆಕ್ಸಿಜನ್ ಪ್ರೋಬ್ ತಪ್ಪು ಅಂಕಿ ತೋರಿಸುವುದೂ ಉಂಟು. ಆಕ್ಸಿಜನ್ 84ಕ್ಕೆ ಇಳಿದಂತೆ ಕಂಡರೆ ಮೊದಲು ರೋಗಿಯ ಉಸಿರು, ತುಟಿಯ ಬಣ್ಣ ನೋಡಿ. ಆಮೇಲೆ ಸ್ಕ್ರೀನಿನ ಅಲೆ. ಅಲೆ ಮುರುಕಲಾಗಿದ್ದರೆ ಬೆರಳು ಬೆಚ್ಚಗೆ ಮಾಡಿ ಅಥವಾ ಬೇರೆ ಬೆರಳಿಗೆ ಹಾಕಿ. ಅಲೆ ಚೆನ್ನಾಗಿದ್ದೂ 84 ಇದ್ದರೆ ಅದು ನಿಜವಾದ 84, ಡಾಕ್ಟರನ್ನು ಕರೆಯಿರಿ.

ಮರುಪ್ರಶ್ನೆ: ಸಕ್ಷನ್ ಮಾಡುವಾಗ ಆಕ್ಸಿಜನ್ ಯಾಕೆ ಇಳಿಯುತ್ತದೆ?

ಉತ್ತರ: ಕಫದ ಜೊತೆ ಗಾಳಿಯನ್ನೂ ಎಳೆಯುತ್ತೀರಿ, ಅದಕ್ಕೆ. ಮೊದಲು ಕನಿಷ್ಠ 30 ಸೆಕೆಂಡು ನೂರಕ್ಕೆ ನೂರು ಆಕ್ಸಿಜನ್ ಕೊಡಿ. 8 ಎಂ.ಎಂ. ಟ್ಯೂಬಿಗೆ 12 ಫ್ರೆಂಚ್‌ಗಿಂತ (ಸುಮಾರು 4 ಎಂ.ಎಂ.) ದಪ್ಪದ ಕ್ಯಾತಿಟರ್, ಅಂದರೆ ಕಫ ಎಳೆಯುವ ಪೈಪು, ಬೇಡ; ಟ್ಯೂಬಿನ ಒಳಗಿನ ಅರ್ಧ ಜಾಗ ಗಾಳಿಗೆ ಬಿಡಬೇಕು. ಒಳಗೆ ಬಿಡುವಾಗ ಎಳೆತ ಇರಬಾರದು, ಹೊರಗೆ ತರುವಾಗ ಮಾತ್ರ. ಒಂದು ಸಲಕ್ಕೆ 15 ಸೆಕೆಂಡು ದಾಟಬಾರದು. ಗಂಟೆಗೊಂದು ಸಲ ಎಂದು ಲೆಕ್ಕ ಇಟ್ಟು ಮಾಡುವ ಕೆಲಸವಲ್ಲ ಇದು. ಗೊರಗೊರ ಸದ್ದು ಕೇಳಿದರೆ, ಟ್ಯೂಬಿನಲ್ಲಿ ಕಫ ಕಂಡರೆ ಮಾಡಿ.

ಪ್ರಶ್ನೆ (ವಿರಾಜಪೇಟೆ): ಐಸಿಯುನಲ್ಲಿ ನಮ್ಮ ಅಜ್ಜನ ಎರಡೂ ಕೈ ಬೆಡ್ಡಿಗೆ ಕಟ್ಟಿದ್ದಾರೆ. ನೋಡಿ ಕರುಳು ಕಿತ್ತು ಬಂತು. ಇದು ಸರಿಯಾ ಸಿಸ್ಟರ್?

ಉತ್ತರ: ಕೆಲವೊಮ್ಮೆ ಬೇಕಾಗುತ್ತದೆ. ಅರೆ ಎಚ್ಚರದಲ್ಲಿ ಅವರು ಟ್ಯೂಬು ಕಿತ್ತುಕೊಂಡರೆ ಗಂಟಲು ಊದಿ, ಮತ್ತೆ ಟ್ಯೂಬು ಹಾಕುವಷ್ಟರಲ್ಲಿ ಪ್ರಾಣಕ್ಕೇ ಬರಬಹುದು. ಆದರೆ ಸಿಬ್ಬಂದಿ ಕಡಿಮೆ ಇದ್ದಾರೆ ಎಂಬುದು ಕಟ್ಟಲು ಕಾರಣವಾಗಬಾರದು. ಡಾಕ್ಟರ ಲಿಖಿತ ಆದೇಶ ಇದೆಯಾ, ಯಾಕೆ ಕಟ್ಟಿದ್ದೀರಿ, ಯಾವಾಗ ಬಿಚ್ಚುತ್ತೀರಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ. ಮೆತ್ತನೆ ಪಟ್ಟಿಯಾಗಿರಬೇಕು, ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎರಡು ಗಂಟೆಗೊಮ್ಮೆ ಬಿಚ್ಚಿ ಚರ್ಮ, ಬೆರಳಿನ ಬಣ್ಣ, ಬಿಸಿ ನೋಡಿ ಕೈ ಆಡಿಸಬೇಕು.

ಕಟ್ಟುವ ಮೊದಲು ನಾವು ಹುಡುಕಬೇಕಾದ್ದು ಅವರು ಯಾಕೆ ಒದ್ದಾಡುತ್ತಿದ್ದಾರೆ ಎಂಬುದನ್ನು. ನೋವಿರಬಹುದು. ಮೂತ್ರದ ಪೈಪು ಮಡಚಿ ಹೊಟ್ಟೆ ಉಬ್ಬಿರಬಹುದು. ಮಾತಾಡಲಾಗದವರ ನೋವನ್ನು ಮುಖ, ಮೈಯ ಅಲುಗಾಟ, ಸ್ನಾಯುಗಳ ಬಿಗಿ, ವೆಂಟಿಲೇಟರಿಗೆ ಹೊಂದಿಕೊಳ್ಳುವ ರೀತಿ ಎಂಬ ನಾಲ್ಕು ಗುರುತುಗಳಿಂದ ಅಳೆಯುತ್ತೇವೆ. ಒಟ್ಟು 8ರಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಔಷಧ ಕೊಡಿಸಬೇಕು. ಕಟ್ಟಿದ ಕೈಯೇ ಗೊಂದಲವನ್ನು ಹೆಚ್ಚಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ನೀವು ಮಾಡಬಹುದಾದ್ದು: ಅವರ ಕನ್ನಡಕ, ಕಿವಿ ಮಿಷನ್ ತಂದುಕೊಡಿ. ಅಜ್ಜನಿಗೆ ಕೊಡವ ತಕ್ಕ್ ಅಥವಾ ಅರೆಭಾಷೆಯೇ ಮನೆಮಾತಾಗಿದ್ದರೆ ಅದರಲ್ಲೇ ಮಾತಾಡಿಸಿ: ಇವತ್ತು ಯಾವ ವಾರ, ಎಲ್ಲಿದ್ದೀರಿ, ಬಾಯಲ್ಲಿ ಟ್ಯೂಬು ಯಾಕಿದೆ ಎಂದು. ನೋವು, ನೀರು, ತಿರುಗಿಸಿ ಈ ಮೂರು ಮಾತು ಅವರ ಭಾಷೆಯಲ್ಲಿ ಹೇಗೆ ಎಂದು ಚೀಟಿಯಲ್ಲಿ ಬರೆದು ಸಿಸ್ಟರ್ ಕೈಗೆ ಕೊಡಿ. ತುಂಬಾ ಉಪಯೋಗಕ್ಕೆ ಬರುತ್ತದೆ. ನೀವು ಕೈ ಹಿಡಿದು ಕೂತಿರುವಷ್ಟು ಹೊತ್ತು ಆ ಕೈ ಬಿಚ್ಚಿಡಬಹುದಾ ಎಂದೂ ಕೇಳಿನೋಡಿ.

ಪ್ರಶ್ನೆ (ನಾಪೋಕ್ಲು): ಅಮ್ಮ ವೆಂಟಿಲೇಟರಿನಲ್ಲಿದ್ದಾರೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥ ಮನೆಯಲ್ಲಿದೆ. ಬಾಯಿಗೆ ಬಿಡಬಹುದಾ?

ಉತ್ತರ: ಚಮಚದಲ್ಲಿ ಬಿಡಬೇಡಿ. ಟ್ಯೂಬಿರುವಾಗ ನುಂಗಲು ಆಗುವುದಿಲ್ಲ, ಬಿಟ್ಟ ನೀರು ಬಲೂನಿನ ಮೇಲೆ ನಿಂತು ಅಂಚಿನಿಂದ ಶ್ವಾಸಕೋಶಕ್ಕೆ ಜಿನುಗುತ್ತದೆ. ಸಿಸ್ಟರ್ ಬಾಯಿ ಸ್ವಚ್ಛ ಮಾಡಿ ಗಂಟಲಿನಲ್ಲಿ ನಿಂತಿದ್ದನ್ನು ಎಳೆದ ಮೇಲೆ, ಗಾಜ್ ಬಟ್ಟೆಯ ತುದಿ ತೀರ್ಥದಲ್ಲಿ ಅದ್ದಿ, ಹಿಂಡಿ, ತುಟಿಗೆ ಒರೆಸಿ. ಹಣೆಗೂ ಹಚ್ಚಬಹುದು. ಗಾಯ, ಡ್ರೆಸ್ಸಿಂಗ್, ಕತ್ತಿನ ಲೈನಿನ ಹತ್ತಿರ ಬೇಡ. ಕದ್ದುಮುಚ್ಚಿ ಮಾಡುವುದಕ್ಕಿಂತ ನಮ್ಮನ್ನು ಕೇಳಿ ಮಾಡಿ, ನಾವು ಪಕ್ಕದಲ್ಲಿ ನಿಂತು ಮಾಡಿಸುತ್ತೇವೆ. ಸಹೋದ್ಯೋಗಿಗಳಿಗೂ ಒಂದು ಮಾತು: ದಯವಿಟ್ಟು ಇದನ್ನು ಮೂಢನಂಬಿಕೆ ಎಂದು ಗದರಬೇಡಿ.

ಪ್ರಶ್ನೆ (ಸ್ಟಾಫ್ ನರ್ಸ್): ಇನ್ಸುಲಿನ್ ಡೋಸ್ ತಪ್ಪಾಗಿ ಕೊಟ್ಟು, ರೋಗಿಗೆ ಏನೂ ಆಗದಿದ್ದರೆ ಬರೆಯಬೇಡ ಎಂದು ಸೀನಿಯರ್‌ಗಳು ಹೇಳಿದರೆ ಏನು ಮಾಡಬೇಕು?

ಉತ್ತರ: ಬರೆಯಬೇಕು. ಈ ತಪ್ಪು ಆಗುವುದು ಹೇಗೆ ನೋಡಿ. ನಮ್ಮಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ಟಿನ ಬಾಟಲಿಯೂ ಇದೆ, 100 ಯೂನಿಟ್ಟಿನದೂ ಇದೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಹೋಗುವುದು 25 ಯೂನಿಟ್. ಎರಡೂ ಒಂದೇ ಟ್ರೇಯಲ್ಲಿದ್ದರೆ ನಾಳೆ ಇನ್ನೊಬ್ಬರೂ ಹೀಗೇ ತಪ್ಪುತ್ತಾರೆ. ಗೊತ್ತಾದ ತಕ್ಷಣ ಶುಗರ್ ನೋಡಿ, ಡಾಕ್ಟರಿಗೆ ಹೇಳಿ, ಗ್ಲೂಕೋಸ್ ಹತ್ತಿರ ಇಟ್ಟುಕೊಂಡು ಅವರು ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ. ನಿದ್ರೆ ಔಷಧದಲ್ಲಿರುವವರಿಗೆ ಶುಗರ್ ಇಳಿದರೂ ಹೊರಗೆ ಗೊತ್ತಾಗುವುದಿಲ್ಲ. ಚಾರ್ಟಿನಲ್ಲಿ ಸಮಯ, ಕೊಟ್ಟ ಡೋಸ್, ಆಮೇಲೆ ಮಾಡಿದ್ದು ಇಷ್ಟೇ ಬರೆಯಿರಿ, ಯಾರ ತಪ್ಪು ಎಂದಲ್ಲ. ಮನೆಯವರಿಗೂ ತಿಳಿಸಬೇಕು, ಡಾಕ್ಟರ ಜೊತೆ ನಿಂತು. ಮಾಡದ ಕೆಲಸಕ್ಕೆ ಸಹಿ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ: ಎರಡು ಗಂಟೆಗೊಮ್ಮೆ ತಿರುಗಿಸಿದೆ ಎಂದು ಬರೆದ ಚಾರ್ಟು, ಬೆನ್ನಿನಲ್ಲಿ ಕೆಂಪಗೆ ಎದ್ದ ಹುಣ್ಣು, ಎರಡೂ ಒಂದೇ ಬೆಡ್ಡಿನಲ್ಲಿ ಇರಬಾರದು.

ಪ್ರಶ್ನೆ (ಆಂಬುಲೆನ್ಸ್ ಚಾಲಕ): ಮಡಿಕೇರಿಯಿಂದ ಮೈಸೂರಿಗೆ ಒಂದು ಸಿಲಿಂಡರ್ ಸಾಕಾ?

ಉತ್ತರ: ಲೆಕ್ಕ ಹಾಕಿ ಅಣ್ಣ. ಗೇಜಿನ ಅಂಕಿಯನ್ನು (ಬಾರ್‌ನಲ್ಲಿ) ಸಿಲಿಂಡರಿನಲ್ಲಿ ಹಿಡಿಯುವ ನೀರಿನ ಅಳತೆಯಿಂದ ಗುಣಿಸಿದರೆ ಒಳಗಿರುವ ಲೀಟರ್ ಸಿಗುತ್ತದೆ. 10 ಲೀಟರಿನ ಬಿ ಟೈಪ್ ಸಿಲಿಂಡರ್, ಗೇಜು 150 ಇದ್ದರೆ 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿ, ಸುಮಾರು 120 ಕಿ.ಮೀ., ಮೂರು ಗಂಟೆ ಎಂದರೆ 1800. ಮಂಜು, ಮರ ಬಿದ್ದ ರಸ್ತೆ ಎಂದು ಅರ್ಧದಷ್ಟು ಹೆಚ್ಚಿಗೆ ಸೇರಿಸಿದರೆ 2700. ಅಂದರೆ ತುಂಬಿದ ಎರಡು ಸಿಲಿಂಡರ್. ಗೇಜು 75 ತೋರಿಸುವ ಒಂದನ್ನೇ ಹಾಕಿಕೊಂಡು ಹೊರಟರೆ ಒಂದೂಕಾಲು ಗಂಟೆಗೆ ಖಾಲಿ. ಸಿಲಿಂಡರ್ ಬದಲಿಸುವ ಕೀಲಿ ಗಾಡಿಯಲ್ಲಿದೆಯಾ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ (ಕುಶಾಲನಗರ): ಇನ್ನು ಉಪಯೋಗವಿಲ್ಲ ಎಂದು ಡಾಕ್ಟರೇ ಹೇಳುತ್ತಿದ್ದಾರೆ. ವೆಂಟಿಲೇಟರ್ ತೆಗೆಸುವುದು ಅಪರಾಧವಾ?

ಉತ್ತರ: ಕ್ರಮ ಪ್ರಕಾರ ಮಾಡಿದರೆ ಅಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದಕ್ಕೆ ದಾರಿ ಮಾಡಿಕೊಟ್ಟು, 2023ರ ಜನವರಿಯಲ್ಲಿ ನಿಯಮ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಸುತ್ತೋಲೆ ಹೊರಡಿಸಿತು. ಚಿಕಿತ್ಸೆ ಕೊಡುವ ಡಾಕ್ಟರ್ ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಮೊದಲ ಮಂಡಳಿ. ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಬೇರೆ ಇಬ್ಬರು ತಜ್ಞರು ಎರಡನೆಯದು. ಒಂದೊಂದೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಬಿಲ್ಲಿಗೆ ಹೆದರಿ ಸಹಿ ಹಾಕಿ ಮನೆಗೆ ಕರೆದೊಯ್ಯುವುದು ಬೇರೆ ವಿಷಯ. ಹಾಗೆ ಮಾಡಿದರೆ ರೋಗಿ ಗಾಡಿಯಲ್ಲೇ ಔಷಧವಿಲ್ಲದೆ ಉಸಿರಿಗೆ ಒದ್ದಾಡಬೇಕಾಗಬಹುದು, ಇದನ್ನು ಬಾಯಿಬಿಟ್ಟು ಹೇಳುವುದು ನಮ್ಮ ಕರ್ತವ್ಯ.

ವೆಂಟಿಲೇಟರ್ ತೆಗೆದರೂ ಶುಶ್ರೂಷೆ ನಿಲ್ಲುವುದಿಲ್ಲ. ಉಸಿರಿನ ಸಂಕಟಕ್ಕೆ ಮಾರ್ಫಿನ್ ಮೊದಲೇ ಕೊಟ್ಟು, ಅದು ಹಿಡಿದಿದೆ ಎಂದು ನೋಡಿಕೊಂಡೇ ತೆಗೆಯುವುದು. ಅಲಾರಂ ಆಫ್ ಮಾಡುತ್ತೇವೆ, ಬಾಯಿ ಒಣಗದಂತೆ ನೋಡಿಕೊಳ್ಳುತ್ತೇವೆ, ಬೆಡ್ಡಿನ ಪಕ್ಕ ನಿಮಗೆ ಕುರ್ಚಿ ಹಾಕುತ್ತೇವೆ.

ಮರುಪ್ರಶ್ನೆ (ನಾಪೋಕ್ಲು): ಆಗ ತೀರ್ಥ ಬಾಯಿಗೇ ಕೊಡಬಹುದಾ ಸಿಸ್ಟರ್?

ಉತ್ತರ: ಕೊಡಬಹುದು. ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಕೆನ್ನೆಯ ಒಳಗೆ ಎರಡು ಹನಿ. ನುಂಗದಿದ್ದರೆ ನಾವು ಗಾಜ್‌ನಲ್ಲಿ ಒರೆಸಿಕೊಳ್ಳುತ್ತೇವೆ. ಅವಸರ ಇಲ್ಲ, ಮನೆಯವರೆಲ್ಲ ಒಬ್ಬೊಬ್ಬರಾಗಿ ಬನ್ನಿ.