ವಿಲಿಯಮ್ಸ್ ಸಿಂಡ್ರೋಮ್: ಮಗು ಬೆರಳು ಮಾಡಿ ತೋರಿಸುತ್ತಿಲ್ಲ, ಮಾತಿಗೆ ಕಾಯಬೇಕಾ?

ಪ್ರಶ್ನೆ (ಒಬ್ಬ ತಾಯಿ, ಹಾಸನ): ನಮಸ್ತೆ ಮೇಡಂ. ಮಗಳಿಗೆ 20 ತಿಂಗಳು. ಎದೆಯಲ್ಲಿ ಸದ್ದು ಕೇಳಿಸುತ್ತದೆ ಎಂದು ಎಕೋ ಮಾಡಿಸಿದೆವು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಸ್ವಲ್ಪ ಕಿರಿದಾಗಿದೆ ಎಂದರು. ಆಮೇಲೆ ಜೆನೆಟಿಕ್ ಟೆಸ್ಟ್‌ನಲ್ಲಿ ವಿಲಿಯಮ್ಸ್ ಸಿಂಡ್ರೋಮ್ ಎಂದು ಬಂತು, ಹುಟ್ಟಿನಿಂದಲೇ ಇರುವ ಜೀನ್ ತೊಂದರೆಯಂತೆ. ಯಾರು ಎತ್ತಿಕೊಂಡರೂ ನಗುತ್ತಾಳೆ, ಮುಖವನ್ನೇ ನೋಡುತ್ತಾಳೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಮಾತೂ ಇಲ್ಲ. ಒಂದು ಕಡೆ "ಬೆರಳು ಮಾಡೋದು ಬರಲಿ, ಆಮೇಲೆ ಸ್ಪೀಚ್ ಥೆರಪಿ" ಎಂದರು. ಕಾಯಬೇಕಾ?

ಉತ್ತರ (ಸ್ಪೀಚ್ ಥೆರಪಿಸ್ಟ್): ಕಾಯಬೇಡಿ ಅಮ್ಮ. ಬೇರೆ ಮಕ್ಕಳು ಮೊದಲು ಬೆರಳು ಮಾಡಿ ತೋರಿಸುತ್ತಾರೆ, ಮಾತು ಆಮೇಲೆ. ವಿಲಿಯಮ್ಸ್ ಇರುವ ಮಕ್ಕಳಲ್ಲಿ ಹೆಚ್ಚಾಗಿ ಇದು ಉಲ್ಟಾ. ಅಮೆರಿಕದ ಮನೋವಿಜ್ಞಾನಿ ಕ್ಯಾರೊಲಿನ್ ಮರ್ವಿಸ್ ಈ ಮಕ್ಕಳನ್ನು ವರ್ಷಗಟ್ಟಲೆ ನೋಡಿ ಹೇಳಿದ ಮಾತು ಇದು. ಬೆರಳು ಬರಲಿ ಎಂದು ಕೂತರೆ ಒಳ್ಳೆಯ ತಿಂಗಳುಗಳು ಸುಮ್ನೆ ಕಳೆದುಹೋಗುತ್ತವೆ.

ಇವಳಿಗೆ ಮುಖ ಎಂದರೆ ಬಲು ಇಷ್ಟ. ಕಷ್ಟ ಇರುವುದು ಮುಖದಿಂದ ಕಣ್ಣು ತೆಗೆದು ವಸ್ತುವಿನ ಕಡೆ ತಿರುಗಿಸುವುದರಲ್ಲಿ. ನೀವು "ಲೋಟ" ಎನ್ನುವಾಗ ಅವಳು ಲೋಟ ನೋಡುತ್ತಿಲ್ಲ, ನಿಮ್ಮನ್ನೇ ನೋಡುತ್ತಿದ್ದಾಳೆ. ಆ ಪದ ಯಾವುದಕ್ಕೆ ಅಂಟಬೇಕು ಹೇಳಿ?

ಹಾಗಾಗಿ ಲೋಟವನ್ನು ನಿಮ್ಮ ಕೆನ್ನೆಯ ಪಕ್ಕದಲ್ಲೇ ಹಿಡಿಯಿರಿ. ಅವಳ ಕಣ್ಣು ಅದರ ಮೇಲೆ ಬಿದ್ದ ಕೂಡಲೇ "ಲೋಟ" ಎನ್ನಿ. ಆಮೇಲೆ ಮೆಲ್ಲಗೆ ಕೆಳಗಿಳಿಸಿ, ಕಣ್ಣು ಹಿಂದೆಯೇ ಬಂದರೆ ಮತ್ತೆ "ಲೋಟ" ಎಂದು ಕೈಗೆ ಕೊಡಿ. ಕಣ್ಣು ಬರದಿದ್ದರೆ ಮತ್ತೆ ಕೆನ್ನೆಯ ಪಕ್ಕಕ್ಕೆ. ಊಟ, ಸ್ನಾನ, ಬಟ್ಟೆ ಹಾಕುವಾಗ ಇದೇ ಆಟ. ಬೇರೆ ಟೈಮ್ ಇಡಬೇಕಾಗಿಲ್ಲ. ಹಾಡು ಹೇಳಿ, ಈ ಮಕ್ಕಳಿಗೆ ಹಾಡು ತುಂಬಾ ಹಿಡಿಸುತ್ತದೆ. ಆದರೆ ಮಿಕ್ಸಿ, ಕುಕ್ಕರ್ ವಿಸಿಲ್‌ಗೆ ಬೆಚ್ಚಿಬಿದ್ದು ಅಳಬಹುದು. ಅದು ಹಟ ಅಲ್ಲ, ಕಿವಿ ಅಷ್ಟು ಸೂಕ್ಷ್ಮ.

ಇನ್ನೊಂದು ಮುಖ್ಯ ವಿಷಯ. ಕೆಲವು ವಿಲಿಯಮ್ಸ್ ಮಕ್ಕಳಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುತ್ತದೆ. ವಿಟಮಿನ್ ಡಿ ಡ್ರಾಪ್ಸ್, ಕ್ಯಾಲ್ಸಿಯಂ ಸಿರಪ್ ಡಾಕ್ಟರನ್ನು ಕೇಳದೆ ಕೊಡಬೇಡಿ. ಯಾವುದಕ್ಕಾದರೂ ಅರಿವಳಿಕೆ ಕೊಡುವ ಮಾತು ಬಂದರೆ ಹೃದಯದ ಡಾಕ್ಟರಿಗೆ ಮೊದಲು ತಿಳಿಸಿ, ಇದನ್ನು ದಯವಿಟ್ಟು ಮರೆಯಬೇಡಿ.

ಪ್ರಶ್ನೆ (ಅದೇ ತಾಯಿ): ತುಂಬಾ ಧೈರ್ಯ ಬಂತು ಮೇಡಂ. ನಮ್ಮದು ಸೋದರಮಾವನ ಮಗನ ಜೊತೆಗೇ ಮದುವೆ. ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ದಿನಾ ಮಾತು.

ಉತ್ತರ: ಇದಕ್ಕೆ ಅದು ಕಾರಣವೇ ಅಲ್ಲ. ಸಂಬಂಧದಲ್ಲಿ ಮದುವೆಯಾದರೆ ಬೇರೆ ಕೆಲವು ಕಾಯಿಲೆಗಳ ಅಪಾಯ ಹೆಚ್ಚುವುದು ನಿಜ. ವಿಲಿಯಮ್ಸ್‌ನಲ್ಲಿ ಆಗುವುದು ಬೇರೆ. 7ನೇ ಕ್ರೋಮೋಸೋಮಿನ ಒಂದು ಚೂರು, ಸುಮಾರು 25ರಿಂದ 28 ಜೀನ್ ಇರುವ ಚೂರು, ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಕಳಚಿಹೋಗುತ್ತದೆ. ರಕ್ತನಾಳಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಜೀನ್ ಅದರಲ್ಲೇ ಇದೆ, ಎಕೋದಲ್ಲಿ ಕಂಡದ್ದು ಅದರ ಪರಿಣಾಮ. ನೀವು ತಿಂದದ್ದು, ಮಾಡಿದ್ದು, ಮದುವೆಯಾದದ್ದು ಯಾವುದೂ ಇದಕ್ಕೆ ಕಾರಣವಲ್ಲ. ಈ ಉತ್ತರವನ್ನೇ ಮನೆಯವರಿಗೆ ಓದಿ ಹೇಳಿ.

ಪ್ರಶ್ನೆ (ಒಬ್ಬ ತಂದೆ, ಶಿವಮೊಗ್ಗ): ನನ್ನ ಮಗನಿಗೂ ಇದೇ, 4 ವರ್ಷ. ಬಾಯಿ ತುಂಬಾ ಮಾತು. "ಇವನಿಗೇನು ತೊಂದರೆ?" ಎನ್ನುತ್ತಾರೆ. ಆದರೆ ಬ್ಲಾಕ್ ಜೋಡಿಸಲು ಬರುವುದಿಲ್ಲ, ಮೆಟ್ಟಿಲಿಳಿಯಲು ಹೆದರುತ್ತಾನೆ.

ಉತ್ತರ: ಸರ್, ಮಾತು ಕೇಳಿ ಎಲ್ಲರೂ ಮೋಸ ಹೋಗುವುದು ಇಲ್ಲೇ. ಇವರಿಗೆ ಪದ ಚೆನ್ನಾಗಿ ಬರುತ್ತದೆ. ಮೇಲೆ, ಕೆಳಗೆ, ಮೊದಲು, ಆಮೇಲೆ ಇಂಥ ಪದಗಳ ಅರ್ಥ ಮಾತ್ರ ನಿಧಾನ. ಜಾಗ, ದೂರ, ಆಕಾರ ಅಂದಾಜು ಮಾಡುವುದು ಎಲ್ಲಕ್ಕಿಂತ ಕಷ್ಟ, ಬ್ಲಾಕ್ ಮತ್ತು ಮೆಟ್ಟಿಲು ಎರಡರಲ್ಲೂ ಅದೇ ತೊಂದರೆ. ಅವನ ಮಾತನ್ನೇ ಬಳಸಿಕೊಳ್ಳಿ. "ಕೆಂಪು ಕೆಳಗೆ, ಹಳದಿ ಅದರ ಮೇಲೆ" ಎಂದು ಅವನ ಬಾಯಲ್ಲೇ ಹೇಳಿಸುತ್ತಾ ಕೈಯಿಂದ ಮಾಡಿಸಿ. ಮೆಟ್ಟಿಲಿನ ಅಂಚಿಗೆ ಬಣ್ಣದ ಟೇಪ್ ಹಚ್ಚಿ. ಅಪರಿಚಿತರ ಹತ್ತಿರವೂ ಓಡಿಹೋಗುವ ಮಕ್ಕಳು ಇವರು. ಯಾರನ್ನು ಅಪ್ಪಿಕೊಳ್ಳಬಹುದು, ಯಾರಿಗೆ ಬರೀ ನಮಸ್ತೆ ಎಂಬುದನ್ನು ಈಗಿನಿಂದಲೇ ಅಭ್ಯಾಸ ಮಾಡಿಸಿ.

ಇಬ್ಬರೂ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಸರ್ಕಾರಿ ಕೇಂದ್ರ) ಮಗುವಿನ ಹೆಸರು ಬರೆಸಿ, ಅಲ್ಲಿ ಪರೀಕ್ಷೆ, ಥೆರಪಿ ಉಚಿತ. ಹಾಸನದವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಹತ್ತಿರ. ಹೋಗುವಾಗ ಎಕೋ ಮತ್ತು ಜೆನೆಟಿಕ್ ರಿಪೋರ್ಟ್ ಎರಡೂ ಜೊತೆಗಿರಲಿ.