ಸಿಬಿಲ್ 618, ವರದಿಯಲ್ಲಿ ನಮ್ಮದಲ್ಲದ ಸಾಲ: ಎಲ್ಲಿಂದ ಶುರು ಮಾಡೋದು?

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ:
ಮನೆ ಸಾಲದ ಅರ್ಜಿ ವಾಪಸ್ ಬಂತು. ಸಿಬಿಲ್, ಅಂದ್ರೆ ಸಾಲ ಹೇಗೆ ತೀರಿಸಿದ್ದೀವಿ ಅನ್ನೋದರ ಮೇಲೆ ಕೊಡೋ ಅಂಕ, 618. ವರದಿಯಲ್ಲಿ ಇರೋದು ಇಷ್ಟು: 46,000 ಬಾಕಿ ಇದ್ದ ಕ್ರೆಡಿಟ್ ಕಾರ್ಡನ್ನು 2021ರಲ್ಲಿ 28,000 ಕಟ್ಟಿ ಮುಗಿಸಿದ್ದು, ಅಲ್ಲಿ 'ಸೆಟಲ್ಡ್' ಅಂತಿದೆ. ಹೋದ ವರ್ಷದ ಚಿನ್ನದ ಸಾಲ ಎರಡು ತಿಂಗಳು ತಡ. ನಮ್ಮದೇ ಅಲ್ಲದ ಒಂದು ಬೈಕ್ ಸಾಲ. ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು. ಪೇಟೆಯಲ್ಲೊಬ್ಬರು 15,000 ಕೊಟ್ಟರೆ ಮೂರು ತಿಂಗಳಲ್ಲಿ 750 ಮಾಡಿಕೊಡ್ತೀನಿ ಅಂತಾರೆ. ಕೊಡಬಹುದಾ?

ಸಾಗರದವರು:
ಕೊಡಬೇಡಿ ಮಾರಾಯ್ರೆ. ವರದಿಯಲ್ಲಿರೋದನ್ನು ತಿದ್ದಬೇಕಾದ್ದು ಸಾಲ ಕೊಟ್ಟ ಬ್ಯಾಂಕ್. ಅದು ಒಪ್ಪದೆ ಸಿಬಿಲ್‌ನವರೂ ಒಂದಕ್ಷರ ಬದಲಿಸಲ್ಲ. ಈ ಏಜೆಂಟರು ಮಾಡೋದು ಎಂತ ಅಂದ್ರೆ, ನಿಮ್ಮ ಓಟಿಪಿ ತಗೊಂಡು ನಿಮ್ಮದೇ ಖಾತೆಯಿಂದ ತಕರಾರು ಹಾಕೋದು. ಅದು ಪುಕ್ಕಟೆ ಕೆಲಸ. ಸರಿ ಇದ್ದದ್ದು, ತಪ್ಪಿದ್ದದ್ದು ಎಲ್ಲದರ ಮೇಲೂ ಒಟ್ಟಿಗೆ ಹಾಕ್ತಾರೆ. ಬ್ಯಾಂಕಿಂದ 'ನಮ್ಮ ದಾಖಲೆ ಸರಿ ಇದೆ' ಅಂತ ಉತ್ತರ ಬರುತ್ತೆ, ಅಲ್ಲಿಗೆ ಮುಗೀತು. ಪ್ಯಾನ್, ಆಧಾರ್ ಪ್ರತಿ ಅವರ ಕೈಲಿ ಉಳಿಯೋದು ಬೇರೆ.

ಶಿವಮೊಗ್ಗ, ಬ್ಯಾಂಕ್ ಲೆಕ್ಕ ಬಲ್ಲವರು:
ಮೊದಲು ವರದಿ ಪೂರ್ತಿ ಇಳಿಸಿಕೊಳ್ಳಿ. ಫೋನಿನ ಆ್ಯಪ್‌ನಲ್ಲಿ ಕಾಣೋ ಅಂಕಿ ಸಾಲದು. ನಮ್ಮಲ್ಲಿ ಜನರ ಸಾಲದ ದಾಖಲೆ ಇಟ್ಟು ಈ ವರದಿ ಕೊಡೋ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದರಿಂದಲೂ ಕ್ಯಾಲೆಂಡರ್ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ವೆಬ್‌ಸೈಟ್‌ನಲ್ಲಿ ಚಂದಾ ಕಟ್ಟಿಸೋ ಗುಂಡಿಯೇ ದೊಡ್ಡದಾಗಿ ಕಾಣುತ್ತೆ, ಉಚಿತದ್ದನ್ನು ಹುಡುಕಿ ಒತ್ತಬೇಕು. ನಾವೇ ನೋಡಿಕೊಂಡರೆ ಅಂಕ ಇಳಿಯಲ್ಲ. ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕ್ ನೋಡಿದಾಗ ಮಾತ್ರ 'ಎನ್‌ಕ್ವೈರಿ' ಅಂತ ಗುರುತು ಬೀಳುತ್ತೆ. ಹಾಗಾಗಿ ಈಗ ಇನ್ನೊಂದು ಬ್ಯಾಂಕಿಗೆ ಓಡಬೇಡಿ.

ಪ್ರತಿ ಖಾತೆಯ ಕೆಳಗೆ ತಿಂಗಳುಗಳ ಚೌಕಗಳಿರುತ್ತವೆ, 36 ತಿಂಗಳದ್ದು. ಅದೇ ಡಿಪಿಡಿ, ಎಷ್ಟು ದಿನ ಸುಸ್ತಿ ಅಂತ. 000 ಅಥವಾ ಎಸ್‌ಟಿಡಿ ಇದ್ದರೆ ಸರಿ. 030, 060 ಅಂದರೆ ಅಷ್ಟು ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಅಂದರೆ ಆ ತಿಂಗಳು ಬ್ಯಾಂಕ್ ಮಾಹಿತಿಯೇ ಕಳಿಸಿಲ್ಲ, ಹೆದರೋದು ಬೇಡ. ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಇದ್ದರೆ ಸಾಲ ಎನ್‌ಪಿಎ ಆಗಿದೆ, ಅಂದರೆ ಬ್ಯಾಂಕ್ ಅದನ್ನು ಕೆಟ್ಟ ಸಾಲದ ಲೆಕ್ಕಕ್ಕೆ ಸೇರಿಸಿದೆ. ಒಂದು ಪೆನ್ನು ತಗೊಂಡು ಸುಳ್ಳು ಇರೋದಕ್ಕೆ ಒಂದು ಗುರುತು, ನಿಜ ಇದ್ದು ಕೆಟ್ಟದ್ದಾಗಿರೋದಕ್ಕೆ ಇನ್ನೊಂದು ಗುರುತು ಹಾಕಿ. ಸುಳ್ಳಿಗೆ ತಕರಾರು, ನಿಜಕ್ಕೆ ದುಡ್ಡು ಮತ್ತು ಕಾಲ. ಎರಡನ್ನೂ ಬೆರೆಸಿದವರ ಅರ್ಜಿಯೇ ಹೆಚ್ಚಾಗಿ ವಾಪಸ್ ಬರೋದು.

ಕೇಳಿದವರು:
ಆ ಬೈಕ್ ಸಾಲ ಬಂದದ್ದಾದರೂ ಹೇಗೆ? ಯಾರಾದರೂ ನಮ್ಮ ಪ್ಯಾನ್ ಬಳಸಿದರಾ?

ಶಿವಮೊಗ್ಗ, ಬ್ಯಾಂಕ್ ಲೆಕ್ಕ ಬಲ್ಲವರು:
ಮೋಸವೂ ಇರಬಹುದು, ಆದರೆ ನಮ್ಮ ಕಡೆ ಹೆಸರಿನ ಗೊಂದಲವನ್ನು ಮೊದಲು ನೋಡಬೇಕು. ಒಂದೇ ಗ್ರಾಮದಲ್ಲಿ ನಾಲ್ಕು ಜನ ಮಂಜುನಾಥ, ಇನಿಷಿಯಲ್ಲೂ ಒಂದೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟೋ ಜನರ ಜನ್ಮದಿನ. ಮನೆ ನಂಬರಿಲ್ಲದ ವಿಳಾಸ, ಪಿನ್ 577432. ಹಳೇ ಸಾಲಗಳಲ್ಲಿ ಪ್ಯಾನ್ ಬದಲು ಬರೀ ವೋಟರ್ ಕಾರ್ಡ್ ಇದ್ದರೆ ಕಂಪ್ಯೂಟರ್ ಇಬ್ಬರನ್ನು ಒಬ್ಬನೇ ಅಂದುಕೊಳ್ಳುತ್ತೆ. ವರದಿಯ ಮೊದಲ ಪುಟದಲ್ಲಿ ಗುರುತಿನ ಚೀಟಿ, ಫೋನ್, ವಿಳಾಸ ಇರುತ್ತವೆ. ಅಲ್ಲಿ ನಿಮ್ಮದಲ್ಲದ ನಂಬರ್ ಇದ್ದರೆ ಬೇರೆಯವರ ಕಡತ ನಿಮ್ಮದರೊಳಗೆ ಸೇರಿದೆ ಅಂತ ತಿಳೀರಿ. ಎಲ್ಲ ನಿಮ್ಮದೇ ಇದ್ದು ಸಾಲ ಮಾತ್ರ ನಿಮ್ಮದಲ್ಲ ಅಂದರೆ ಆಗ ಮೋಸದ ಅನುಮಾನ. ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ, ಪೊಲೀಸ್ ದೂರಿನ ಪ್ರತಿಯನ್ನೂ ತಕರಾರಿಗೆ ಸೇರಿಸಿ.

ಇನ್ನೊಂದು ಗೊಂದಲ ಬ್ಯಾಂಕ್ ವಿಲೀನದ್ದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾ ಸೇರಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕ್ ಸೇರಿತು. ಒಂದೇ ಸಾಲ ಹಳೇ ಹೆಸರಲ್ಲೊಂದು, ಹೊಸ ಹೆಸರಲ್ಲೊಂದು ಕಂಡರೆ ಅದು ನಕಲು ನಮೂದು, ಅದಕ್ಕೂ ತಕರಾರು ಹಾಕಬಹುದು. ಪತ್ರ ಕೊಡಬೇಕಾದ್ದು ಈಗಿನ ಬ್ಯಾಂಕಿಗೆ.

ಹೊಸನಗರದವರು:
ತಕರಾರು ಬರೆಯೋ ರೀತಿ ಮುಖ್ಯ. 'ನನ್ನ ಸ್ಕೋರ್ ಕಡಿಮೆ ಇದೆ, ಸರಿ ಮಾಡಿ' ಅಂತ ಬರೆದರೆ ಕಸದಬುಟ್ಟಿಗೆ. ಹೀಗೆ ಬರೀರಿ: 'ವರದಿ ಕಂಟ್ರೋಲ್ ನಂಬರ್ ಇಷ್ಟು, ದಿನಾಂಕ ಇಷ್ಟು. ಖಾತೆ ಸಂಖ್ಯೆ ಇಷ್ಟು, ದ್ವಿಚಕ್ರ ವಾಹನ ಸಾಲ. ಈ ಸಾಲವನ್ನು ನಾನು ಪಡೆದಿಲ್ಲ. ಸಾಲದ ಅರ್ಜಿ, ಕೆವೈಸಿ ಪ್ರತಿ ಮತ್ತು ಹಣ ಬಿಡುಗಡೆಯಾದ ವಿವರ ಕೊಡಿ, ಇಲ್ಲವೇ ನಮೂದು ತೆಗೆಯಿರಿ.' ಸಿಬಿಲ್ ಪೋರ್ಟಲ್‌ನಲ್ಲೂ ಹಾಕಿ, ಸಾಲ ಕೊಟ್ಟ ಸಂಸ್ಥೆಗೂ ಅದೇ ದಿನ ಕಳಿಸಿ.

ನಿಯಮ ಹೀಗಿದೆ. ಸಾಲ ಕೊಟ್ಟವರು 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸಬೇಕು, ಒಟ್ಟು 30 ದಿನದಲ್ಲಿ ದೂರು ಮುಗೀಬೇಕು. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಸ್ಕೋರ್ ಲೆಕ್ಕ ಹಾಕಿದ ರೀತಿಯ ಬಗ್ಗೆ ಜಗಳಕ್ಕೆ ಈ ಪರಿಹಾರ ಇಲ್ಲ. ಅದಕ್ಕೇ ಸ್ಕೋರಿನ ಮಾತೆತ್ತದೆ ತಪ್ಪು ನಮೂದನ್ನಷ್ಟೇ ಹಿಡೀರಿ ಅಂದಿದ್ದು. ದೂರು ತಿರಸ್ಕರಿಸಿದರೆ ಕಾರಣ ಕೊಡಲೇಬೇಕು. 30 ದಿನ ಕಳೆದೂ ಉತ್ತರ ಇಲ್ಲ, ಅಥವಾ ಉತ್ತರ ಸಮಾಧಾನ ಇಲ್ಲ ಅಂದ್ರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿ, ಅವರಿಗೆ ದೂರು ಕೊಡಿ. ರಿಸರ್ವ್ ಬ್ಯಾಂಕಿನ ದೂರಿನ ವೆಬ್‌ಸೈಟ್ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು. ನೆಟ್‌ವರ್ಕ್ ಸಿಗದ ಊರಾದರೆ ಚಂಡೀಗಢದ ಸೆಕ್ಟರ್ 17ರಲ್ಲಿರೋ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲೂ ಆಗುತ್ತೆ. ಸಹಾಯವಾಣಿ 14448.

ಶಿವಮೊಗ್ಗ, ಬ್ಯಾಂಕ್ ಲೆಕ್ಕ ಬಲ್ಲವರು:
'ಸೆಟಲ್ಡ್' ವಿಷಯಕ್ಕೆ ಬರ್ತೀನಿ, ನಿಮ್ಮ ಮನೆ ಸಾಲಕ್ಕೆ ದೊಡ್ಡ ಅಡ್ಡಿ ಅದೇ. ಬ್ಯಾಂಕಿನ ಭಾಷೆಯಲ್ಲಿ ಅದರರ್ಥ 'ಇವರು ಪೂರ್ತಿ ಕೊಡಲಿಲ್ಲ, ನಾವು ಬಿಟ್ಟುಕೊಟ್ಟೆವು.' ಇದು ನಿಜ ಆದ್ದರಿಂದ ತಕರಾರು ನಿಲ್ಲಲ್ಲ. ದಾರಿ ಒಂದೇ: ಬಿಟ್ಟುಕೊಟ್ಟ ಮೊತ್ತ ಕಟ್ಟಿ 'ಕ್ಲೋಸ್ಡ್' ಮಾಡಿಸೋದು. ನಿಮ್ಮ ಲೆಕ್ಕದಲ್ಲಿ 46,000ದಲ್ಲಿ 28,000 ಹೋದರೆ 18,000. ಅವರು ಬಡ್ಡಿ ಸೇರಿಸಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಿ.

ಕ್ರಮ ತಪ್ಪಿದರೆ ದುಡ್ಡೂ ಹೋಗಿ ಹೆಸರೂ ಹಾಗೇ ಉಳಿಯುತ್ತೆ. ಎಷ್ಟು ಕಟ್ಟಬೇಕು, ಕಟ್ಟಿದ ಮೇಲೆ 'ಕ್ಲೋಸ್ಡ್' ಅಂತ ವರದಿ ಮಾಡ್ತೀವಿ ಅನ್ನೋ ಎರಡೂ ಮಾತು ಇರೋ ಪತ್ರ ಅಥವಾ ಇಮೇಲ್ ಮೊದಲು ಕೈಗೆ ಬರಲಿ. ಆಮೇಲೆ ಕಾರ್ಡ್ ಖಾತೆಗೇ ನೇರ ಕಟ್ಟಿ. ವಸೂಲಿಯವರ ಯುಪಿಐಗೆ ಒಂದು ರೂಪಾಯಿಯೂ ಬೇಡ. ನಂತರ ಬಾಕಿ ಇಲ್ಲ ಅನ್ನೋ ನೋ ಡ್ಯೂ ಪತ್ರ ತಗೊಳ್ಳಿ. ಬ್ಯಾಂಕು ಆ ಬಾಕಿಯನ್ನು ಎಆರ್‌ಸಿ, ಅಂದರೆ ಕೆಟ್ಟ ಸಾಲ ಕೊಂಡುಕೊಳ್ಳೋ ಕಂಪನಿಗೆ ಮಾರಿದ್ದರೆ ಕಟ್ಟಬೇಕಾದ್ದು ಆ ಕಂಪನಿಗೆ, ಅದನ್ನು ವರದಿಯಲ್ಲೇ ನೋಡಿಕೊಳ್ಳಿ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ತಿಂಗಳಲ್ಲಿ ಬದಲಾಗಿರಬೇಕು. ಆಗಿಲ್ಲ ಅಂದ್ರೆ ಆ ಪತ್ರ ಲಗತ್ತಿಸಿ ತಕರಾರು. ಈಗ ಅದು ಗೆಲ್ಲೋ ತಕರಾರು.

ಕೊಪ್ಪದವರು:
ಚಿನ್ನದ ಸಾಲ ಕಟ್ಟಿ ಆಗಿದ್ದರೆ ಆ 060 ಹಾಗೇ ಇರುತ್ತೆ, ಎಂತ ಮಾಡಕ್ಕೂ ಆಗಲ್ಲ. ಬಾಕಿ ಸೊನ್ನೆ ಇದೆಯಾ, ಮುಗಿದ ದಿನಾಂಕ ಬಿದ್ದಿದೆಯಾ ಇಷ್ಟು ನೋಡಿ. ಬಳೆಗೊಂದು ಚೀಟಿ, ಸರಕ್ಕೊಂದು ಚೀಟಿ ಅಂತ ಅಡವಿಟ್ಟರೆ ಅದು ವರದಿಯಲ್ಲಿ ಎರಡು ಸಾಲ. ಒಂದನ್ನು ಮರೆತರೂ ಸುಸ್ತಿ.

ಅದಕ್ಕಿಂತ ತೋಟದವರನ್ನು ಕಾಡೋದು ಕೆಸಿಸಿ, ಅಂದರೆ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲ. ಮೂರು ಲಕ್ಷದವರೆಗೆ 7 ಶೇಕಡಾ ಬಡ್ಡಿ, ಹೊತ್ತಿಗೆ ಕಟ್ಟಿದರೆ 3 ಶೇಕಡಾ ವಾಪಸ್. ಗಡುವು ಮೀರಿದರೆ ಆ ಮೂರೂ ಹೋಯ್ತು, ವರದಿಯಲ್ಲಿ ಸುಸ್ತಿಯೂ ಬಂತು. ಕೃಷಿ ಸಾಲ ಎನ್‌ಪಿಎ ಆಗೋದು ಬೆಳೆ ಹಂಗಾಮಿನ ಲೆಕ್ಕದಲ್ಲಿ, ಹಾಗಾಗಿ ನಿಧಾನ ಕಟ್ಟಿದರೂ ನಡೆಯುತ್ತೆ ಅನ್ನೋರ ಮಾತು ಕೇಳಬೇಡಿ. ಮಳೆಗಾಲದಲ್ಲಿ ಗಡುವು ಇದ್ದರೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸೋ ಖರ್ಚಿನ ಹೊತ್ತು, ಕೈಲಿ ಕಾಸಿರಲ್ಲ. ಕೊಯ್ಲು ಮತ್ತು ಮಾರಾಟದ ಕಾಲ ನೋಡಿಯೇ ಗಡುವು ಇಡಬೇಕು ಅಂತ ಕೆಸಿಸಿ ನಿಯಮದಲ್ಲೇ ಇದೆ. ನವೀಕರಣದ ವೇಳೆ ಫೆಬ್ರವರಿ ಅಥವಾ ಮಾರ್ಚ್ ಕೇಳಿ. ಅಷ್ಟೊತ್ತಿಗೆ ಅಡಿಕೆ ಮಂಡಿಗೆ ಹೋಗಿರುತ್ತೆ.

ಸಾಗರದವರು:
ಜಾಮೀನಿನ ಬಗ್ಗೆ ಯಾರೂ ಹೇಳಲಿಲ್ಲ. ಭಾವ ಕಂತು ತಪ್ಪಿಸಿದರೆ ಅದು ನಿಮ್ಮ ವರದಿಯಲ್ಲೂ ಕಾಣುತ್ತೆ. ಜಾಮೀನಿಂದ ಸುಮ್ಮನೆ ಹೊರಬರೋಕೆ ಆಗಲ್ಲ, ಬೇರೆ ಜಾಮೀನುದಾರರನ್ನು ಬ್ಯಾಂಕ್ ಒಪ್ಪಬೇಕು. ಕಂತಿನ ದಿನದ ಹಿಂದಿನ ದಿನ ಖಾತೆಯಲ್ಲಿ ದುಡ್ಡಿದೆಯಾ ಅಂತ ಭಾವನಿಗೆ ಒಂದು ಫೋನ್ ಮಾಡೋದು ನೆಂಟಸ್ತಿಕೆಗೆ ಕಷ್ಟ, ಸಿಬಿಲ್‌ಗೆ ಒಳ್ಳೇದು.

ಭದ್ರಾವತಿಯವರು:
ಅಂಕ ಏರಬೇಕಾದರೆ ಹೊಸದಾಗಿ ಸರಿಯಾಗಿ ಕಟ್ಟಿದ ದಾಖಲೆ ಬೇಕು. 20,000 ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಳ್ಳಿ, ಹಳೇ ಸ್ಕೋರ್ ಅಷ್ಟಾಗಿ ಅಡ್ಡ ಬರಲ್ಲ. ಮಿತಿ 16,000 ಸಿಕ್ಕಿತು ಅಂದುಕೊಳ್ಳಿ, ತಿಂಗಳಿಗೆ 4,800 ದಾಟಬೇಡಿ, ಅಂದರೆ 30 ಶೇಕಡಾ. ದಾಟಿದರೆ ಬಿಲ್ ಆಗೋಕೆ ಮೂರು ದಿನ ಮೊದಲೇ ಸ್ವಲ್ಪ ಕಟ್ಟಿಬಿಡಿ. 'ಮಿನಿಮಮ್ ಡ್ಯೂ' ಅಷ್ಟೇ ಕಟ್ಟಿದರೆ ಸುಸ್ತಿ ಬೀಳಲ್ಲ, ಬಡ್ಡಿ ಮಾತ್ರ ಬೆನ್ನು ಮುರಿಯುತ್ತೆ.

ಹೊಸನಗರದವರು:
ಕಾರ್ಡಲ್ಲೇ ಎಡವಿದವರಿಗೆ ಮತ್ತೆ ಕಾರ್ಡಾ? ಕೆಸಿಸಿ ಇದ್ದರೆ ಅದನ್ನೇ ಹೊತ್ತಿಗೆ ತಿರುಗಿಸಿದರೂ ಒಳ್ಳೇ ದಾಖಲೆಯೇ.

ಭದ್ರಾವತಿಯವರು:
ಕೆಸಿಸಿ ವರ್ಷಕ್ಕೊಮ್ಮೆ ಕಟ್ಟೋದು, ಕಾರ್ಡಿನ ಬಿಲ್ ತಿಂಗಳು ತಿಂಗಳು. ಪೆಟ್ರೋಲಿಗೆ ಮಾತ್ರ ಬಳಸಿ, ಆಟೋ ಡೆಬಿಟ್ ಹಾಕಿಡಿ. ಅಷ್ಟು ಶಿಸ್ತು ಆಗಲ್ಲ ಅನ್ನೋದಾದರೆ ನಿಮ್ಮ ಮಾತೇ ಸರಿ, ಬೇಡ.

ಶಿವಮೊಗ್ಗ, ಬ್ಯಾಂಕ್ ಲೆಕ್ಕ ಬಲ್ಲವರು:
ಮನೆ ಸಾಲಕ್ಕೆ ಮತ್ತೆ ಹೋಗೋ ಮೊದಲು ಪಹಣಿಯ 11ನೇ ಕಾಲಂ ನೋಡಿ. ತೀರಿಸಿದ ಸಾಲದ ಋಣ ಅಲ್ಲೇ ಉಳಿದಿದ್ದರೆ ಬ್ಯಾಂಕು ಅಥವಾ ಸೊಸೈಟಿಯ ತೀರುವಳಿ ಪತ್ರ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ತೆಗೆಸಬೇಕು. ಸೊಸೈಟಿ ಸಾಲ ಸಿಬಿಲ್‌ನಲ್ಲಿ ಕಾಣದೆ ಇರಬಹುದು, ಪಹಣಿಯಲ್ಲಿ ಕಾಣುತ್ತೆ.

ಕೇಳಿದವರು:
ಬ್ಯಾಂಕಿಗೆ ಪತ್ರ ಕನ್ನಡದಲ್ಲಿ ಕೊಟ್ಟರೆ ನಡೆಯುತ್ತಾ?

ಹೊಸನಗರದವರು:
ಶಾಖೆಗೆ ಧಾರಾಳವಾಗಿ ಕೊಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. 'ಆಮೇಲೆ ಹಾಕ್ತೀವಿ, ಇಟ್ಟು ಹೋಗಿ' ಅಂದರೆ ಹೊರಗೆ ಬಂದು ಅದನ್ನೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. 30 ದಿನದ ಎಣಿಕೆಗೆ ಆ ದಿನಾಂಕ ಬೇಕು.