ಚಾರ್ಮಾಡಿ ಘಾಟಿ ಇಳಿಯುವಾಗ ಅಮ್ಮನ ಕಾಲು ಜಾರದ ಹಾಗೆ ಏನು ಮಾಡಲಿ? ನಡೆದವರು ಹೇಳಿ

ನಮಸ್ಕಾರ. ನಮ್ಮದು ಚಿಕ್ಕಮಗಳೂರು. ಈ ಶಿವರಾತ್ರಿಗೆ ಅಮ್ಮನ ಜೊತೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟಿದ್ದೇನೆ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ದಾರಿ. ಅಮ್ಮನಿಗೆ 56 ವರ್ಷ. ಸಮ ದಾರಿಯಲ್ಲಿ ನನಗಿಂತ ಚೆನ್ನಾಗಿ ನಡೆಯುತ್ತಾರೆ. ಆದರೆ ದೀಪಾವಳಿಗೆ ದೇವೀರಮ್ಮನ ಬೆಟ್ಟಕ್ಕೆ ಹೋದಾಗ ಮಳೆ ಹಿಡಿದು, ಇಳಿಯುವಾಗ ಕೆಸರಲ್ಲಿ ಎರಡು ಸಲ ಜಾರಿ ಬಿದ್ದರು. ಆವತ್ತಿಂದ ಇಳಿಜಾರು ಕಂಡರೆ ನನ್ನ ಕೈ ಬಿಡುವುದೇ ಇಲ್ಲ. ಹರಕೆ ಇದೆ, ಘಾಟಿಯಲ್ಲಿ ಗಾಡಿ ಹತ್ತುವುದಿಲ್ಲ ಅನ್ನುತ್ತಾರೆ. ಹೇಗೆ ಇಳಿಸಲಿ?

ಮೂಡಿಗೆರೆಯಿಂದ:

ಈ ದಾರಿಯಲ್ಲಿ ಏಳು ಸಲ ನಡೆದಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ದೇವೀರಮ್ಮನ ಬೆಟ್ಟದ ಇಳಿಜಾರೇ ಬೇರೆ, ಚಾರ್ಮಾಡಿಯೇ ಬೇರೆ. ಅಲ್ಲಿ ಮಣ್ಣು, ಹುಲ್ಲು, ಕಡಿದಾದ ಕಾಲುದಾರಿ. ಇಲ್ಲಿ ರಾಷ್ಟ್ರೀಯ ಹೆದ್ದಾರಿ 73ರ ಡಾಂಬರು. ಒಂದೊಂದು ಹೆಜ್ಜೆ ನೋಡಿದರೆ ಅಷ್ಟು ಕಷ್ಟ ಅನ್ನಿಸುವುದಿಲ್ಲ, ಆದರೆ ಕೊಟ್ಟಿಗೆಹಾರ ಬಿಟ್ಟ ಮೇಲೆ ಕೆಳಗೆ ಚಾರ್ಮಾಡಿ ಊರು ಸಿಗುವ ತನಕ 20 ಕಿ.ಮೀ.ಗೂ ಜಾಸ್ತಿ, ಅಷ್ಟು ದೂರವೂ ತೊಡೆಯೇ ಬ್ರೇಕ್ ಹಿಡಿಯಬೇಕು. ತೊಡೆ ಸೋತ ಮೇಲೆ ಕಾಲು ನಮ್ಮ ಮಾತು ಕೇಳುವುದಿಲ್ಲ. ಜಾರುವುದು ಆಗಲೇ.

ಜಾರುವ ಜಾಗ ಯಾವುದು ಅಂತ ಹೇಳುತ್ತೇನೆ. ಡಾಂಬರು ಮುಗಿದು ಮಣ್ಣು ಶುರುವಾಗುತ್ತದಲ್ಲ, ಆ ಒಂದು ಅಡಿ ಅಗಲದ ಅಂಚು. ಸಣ್ಣ ಜಲ್ಲಿ ಗೋಲಿ ಥರ ಉರುಳುತ್ತದೆ, ಅದರ ಮೇಲೆ ಒಣ ಎಲೆ ಬಿದ್ದಿರುತ್ತದೆ, ಬೆಳಗಿನ ಜಾವ ಮಂಜಿಗೆ ಅದೂ ಒದ್ದೆ. ತಿರುವಲ್ಲಿ ಗಾಡಿ ಬಂತು ಅಂದರೆ ಎಲ್ಲರೂ ಗಡಿಬಿಡಿಯಲ್ಲಿ ಅಲ್ಲಿಗೇ ಸರಿಯುತ್ತಾರೆ. ನಮ್ಮ ಗುಂಪಿನಲ್ಲಿ ಬಿದ್ದ ಮೂವರೂ ಅಲ್ಲೇ ಬಿದ್ದದ್ದು. ಹಾರ್ನ್ ಕೇಳಿದ ತಕ್ಷಣ ನಡೆಯುವುದು ನಿಲ್ಲಿಸಿ, ಎರಡೂ ಕಾಲು ಊರಿ, ಆಮೇಲೆ ಪಕ್ಕಕ್ಕೆ ಒಂದು ಹೆಜ್ಜೆ ಇಡಿ.

ಭಯ ಆದಾಗ ಮೈ ತಾನಾಗೇ ಹಿಂದಕ್ಕೆ ವಾಲುತ್ತದೆ. ಅದೇ ತಪ್ಪು. ಹಿಂದಕ್ಕೆ ವಾಲಿದರೆ ಭಾರವೆಲ್ಲ ಹಿಮ್ಮಡಿಗೆ ಹೋಗಿ ಕಾಲು ಮುಂದಕ್ಕೆ ಜಾರುತ್ತದೆ, ಸೊಂಟ ನೆಲಕ್ಕೆ ಬಡಿಯುತ್ತದೆ. ಮಂಡಿ ಸ್ವಲ್ಪ ಮಡಿಸಿ, ಮೈಭಾರ ಪಾದದ ನೇರಕ್ಕೆ ಇಟ್ಟು, ಪಾದದ ಅರ್ಧ ಉದ್ದದಷ್ಟೇ ಹೆಜ್ಜೆ ಹಾಕಲಿ. ಕೆಸರು ಸಿಕ್ಕರೆ ಪಾದ ಅಡ್ಡ ತಿರುಗಿಸಿ ಇಳಿಯಲಿ.

ಇನ್ನು ಕೈ ಹಿಡಿಯುವ ವಿಷಯ. ಪಕ್ಕದಲ್ಲಿ ನಿಂತು ಬೆರಳು ಹೆಣೆದುಕೊಂಡು ಇಳಿಯಬೇಡಿ, ಒಬ್ಬರು ಜಾರಿದರೆ ಇಬ್ಬರೂ ಹೋಗುತ್ತೀರಿ. ದೇವೀರಮ್ಮನ ಬೆಟ್ಟದಲ್ಲಿ ನೋಡಿರುತ್ತೀರಿ ಅಲ್ವಾ, ಸಾಲಾಗಿ ಕೈ ಹಿಡಿದವರು ಸಾಲಾಗೇ ಕುಸಿಯುತ್ತಾರೆ. ನೀವು ಒಂದು ಹೆಜ್ಜೆ ಕೆಳಗೆ, ಸ್ವಲ್ಪ ಓರೆಯಾಗಿ ನಡೆಯಿರಿ. ಅಮ್ಮ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಕೈಯನ್ನು ನಿಮ್ಮ ಭುಜದ ಮೇಲೆ ಇಡಲಿ. ಕೋಲಿಗೆ ಕಾಫಿ ಗಿಡದ್ದೇ ಒಳ್ಳೆಯದು, ಗಟ್ಟಿ, ಬಳುಕುವುದಿಲ್ಲ. ಇಳಿಯುವಾಗ ಕೋಲು ಕಾಲಿಗಿಂತ ಕೆಳಗಿನ ನೆಲಕ್ಕೆ ತಾಗಬೇಕು, ಅದಕ್ಕೆ ಸೊಂಟಕ್ಕಿಂತ ಒಂದು ಗೇಣು ಉದ್ದ ಇರಲಿ. ಮೊದಲು ಕೋಲು ಊರಬೇಕು, ಆಮೇಲೆ ಕಾಲು.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ರಾತ್ರಿ ಇಳಿಯಬೇಡಿ. ಬಿಸಿಲು ತಪ್ಪಿಸೋಣ, ರಾತ್ರಿಯೇ ಇಳಿದುಬಿಡೋಣ ಅಂತ ಗುಂಪಿನವರು ಹೊರಡಿಸುತ್ತಾರೆ. ಮಂಜು ಕವಿದರೆ ಟಾರ್ಚ್ ಬೆಳಕು ಬೆಳ್ಳಗೆ ಕಣ್ಣಿಗೇ ವಾಪಸ್ ಬರುತ್ತದೆ, ಪಾದ ಕಾಣುವುದಿಲ್ಲ, ತಿರುವಲ್ಲಿ ಬರುವ ಗಾಡಿಗೆ ನೀವೂ ಕಾಣುವುದಿಲ್ಲ. ಆನೆ ಓಡಾಡುವ ಕಾಡು ಬೇರೆ. ಕೊಟ್ಟಿಗೆಹಾರದಲ್ಲೇ ಮಲಗಿ. ಬೆಳಕು ಹರಿದ ಮೇಲೆ ಬಿಸಿ ಬಿಸಿ ನೀರುದೋಸೆ ತಿಂದು ಹೊರಡಿ. ಗುಂಪು ಮುಂದೆ ಹೋದರೆ ಹೋಗಲಿ, ಉಜಿರೆಯಲ್ಲಿ ಸಿಗುತ್ತಾರೆ.

ಹಾಸನದಿಂದ:

ನಾವು ಬೇಲೂರು, ಮೂಡಿಗೆರೆ ಮೇಲೆ ಬರುವವರು. ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ನಾನು ಹೆಂಗಸರ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಸೀರೆ ಬೇಡ, ಚೂಡಿದಾರ ಹಾಕಿಸಿ. ಕೋಲು, ಸೆರಗು, ನೆರಿಗೆ ಮೂರನ್ನೂ ಹಿಡಿಯುವುದಕ್ಕೆ ಕೈ ಎಲ್ಲಿದೆ? ಕಾಲಿನ ಉಗುರು ಒಂದು ವಾರ ಮೊದಲೇ ಕತ್ತರಿಸಿಕೊಳ್ಳಲಿ. ನಾನು ಮೊದಲ ವರ್ಷ ಅದನ್ನು ಮಾಡಿರಲಿಲ್ಲ. ಇಳಿಯುವಾಗ ಬೆರಳು ಶೂ ಮೂತಿಗೆ ಬಡಿದು ಬಡಿದು ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ, ತಿಂಗಳಾದ ಮೇಲೆ ಕಳಚಿಕೊಂಡವು. ಈಗ ಘಾಟಿ ಶುರುವಾಗುವ ಮುಂಚೆ ಒಂದು ಕಡೆ ಕೂತು, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕಣಕಾಲಿನ ಹತ್ತಿರ ಲೇಸ್ ಬಿಗಿಯಾಗಿ ಕಟ್ಟಿಕೊಳ್ಳುತ್ತೇನೆ. ಪಾದ ಮುಂದಕ್ಕೆ ಸರಿಯುವುದಿಲ್ಲ.

ಅಮ್ಮ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತಿದ್ದರೆ ಮಧ್ಯಾಹ್ನ ಡಾಂಬರು ಸುಡುತ್ತದೆ, ಬೊಬ್ಬೆ ಏಳುತ್ತದೆ, 11 ಗಂಟೆಯ ಒಳಗೆ ನೆರಳು ಹಿಡಿದು ಕೂರಿ.

ಇನ್ನೊಂದು, ಇಳಿಯುವುದನ್ನೂ ಅಭ್ಯಾಸ ಮಾಡಬೇಕು. ಸಮ ದಾರಿಯಲ್ಲಿ ದಿನಾ ಎಷ್ಟು ನಡೆದರೂ ತೊಡೆಗೆ ಇಳಿಜಾರಿನ ಪಾಠ ಆಗುವುದಿಲ್ಲ. ನಾನು ಯಾತ್ರೆಗೆ ಮುಂಚಿನ ಎರಡು ಮೂರು ಭಾನುವಾರ ಶ್ರವಣಬೆಳಗೊಳಕ್ಕೆ ಹೋಗಿ ವಿಂಧ್ಯಗಿರಿ ಹತ್ತಿ ಇಳಿಯುತ್ತೇನೆ. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹೋಗಬೇಕು. ಮೊದಲ ಸಲ ಇಳಿದ ಮಾರನೇ ದಿನಕ್ಕಿಂತ ಅದರ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಜಾಸ್ತಿ. ಮೂರನೇ ಸಲಕ್ಕೆ ನೋವೇ ಗೊತ್ತಾಗುವುದಿಲ್ಲ. ಅಮ್ಮನಿಗೂ ಹೀಗೆ ಧೈರ್ಯ ಬರುತ್ತದೆ. ಕೈ ಬಿಡದೆ ಇರುವುದು ಮಂಡಿ ನೋವಿಗಲ್ಲ, ಆವತ್ತು ಬಿದ್ದದ್ದು ಮನಸ್ಸಲ್ಲಿ ಕೂತಿದೆ, ಪಾಪ.

ಕೊಟ್ಟಿಗೆಹಾರದ ಹತ್ತಿರದಿಂದ:

ನಾವು ಪ್ರತಿ ವರ್ಷ ದಾರಿಯಲ್ಲಿ ಮಜ್ಜಿಗೆ, ಪಾನಕ ಕೊಡುತ್ತೇವೆ. ತಿರುವು ಉಳಿಸೋಕೆ ಅಂತ ಹುಡುಗರು ರಸ್ತೆ ಬಿಟ್ಟು ಕಾಡೊಳಗೆ ಅಡ್ಡ ಇಳಿಯುತ್ತಾರೆ, ದಯವಿಟ್ಟು ಅವರ ಹಿಂದೆ ಹೋಗಬೇಡಿ. 2019ರ ಆಗಸ್ಟ್ ಮಳೆಗೆ ಎಷ್ಟೊಂದು ಕಡೆ ಕುಸಿದ ಗುಡ್ಡ ಇದು. ಮೇಲೆ ತರಗೆಲೆ, ಕೆಳಗೆ ಸಡಿಲ ಮಣ್ಣು. ಘಾಟಿಯಲ್ಲಿ ಎಷ್ಟೋ ಕಡೆ ಫೋನ್ ಸಿಗುವುದಿಲ್ಲ, ಬಿದ್ದರೆ ಕೂಗಿದ್ದೂ ಕೇಳುವುದಿಲ್ಲ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಕೈ ಮುಗಿದು, ಶೂ ಬಿಚ್ಚಿ, ಕಾಲಿಗೆ ಗಾಳಿ ಆಡಿಸಿ ಅರ್ಧ ಗಂಟೆ ಕೂತು ಹೋಗಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಗುಂಪಿನವರಿಗೆ ಫೋನ್ ಮಾಡಿ, ನಾವಿಬ್ಬರೂ ಕೊಟ್ಟಿಗೆಹಾರದಲ್ಲಿ ಉಳಿಯುತ್ತೇವೆ ಅಂತ ಹೇಳಿಬಿಟ್ಟೆ. ಭಾನುವಾರ ಬೆಳಿಗ್ಗೆ ಶ್ರವಣಬೆಳಗೊಳಕ್ಕೆ ಹೊರಟಿದ್ದೇವೆ. ಭುಜದ ಮೇಲೆ ಕೈ ಇಟ್ಟು ಇಳಿಯುವುದನ್ನು ಇವತ್ತು ಸಂಜೆ ಮನೆ ಮೆಟ್ಟಿಲ ಮೇಲೆ ನೋಡಿದೆವು. ನಾಲ್ಕನೇ ಸಲಕ್ಕೆ ಅಮ್ಮ ಕೈ ತೆಗೆದು ಕೋಲಿನಲ್ಲೇ ಇಳಿದರು.